ಕಲ್ಲು ಮರೆತವ್ವನ ಗುಡ್ಡ

ಕೆಂಚಯ್ಯನಹಟ್ಟಿಯ ಪಡುವಣದಲ್ಲಿರುವ ಕಲ್ಲು ಮರೆತವ್ವನ ಗುಡ್ಡವನ್ನು ಕಾಲು ನೋಡಿಕೊಂಡೇ ಹತ್ತಬೇಕು. ಅದರ ಬಡಗು ಮಗ್ಗುಲಿನ ಸಣ್ಣ ಹರಳಿನ ಕೆಂಪು ಗರಸು ಮಣ್ಣಿನಲ್ಲಿ ಎದೆಮಟ್ಟ ಮೀರದ ಒಂದು ಜಾಲಿ ಬೆಳೆಯುತ್ತದೆ. ಹೊಲದ ಬದುಗಳಲ್ಲಿ ಕಾಣುವ ಕರಿಜಾಲಿಯಲ್ಲ ಇದು. ಕೊಂಬೆಗಳು ಬುಡದಿಂದಲೇ ಕವಲೊಡೆದು ಗಿಣ್ಣಿಗಿಷ್ಟು ಡೊಂಕಾಗಿ ಹರಡುತ್ತವೆ. ಪ್ರತಿ ಗಿಣ್ಣಿನಲ್ಲೂ ಬೆರಳುದ್ದದ ಎರಡು ಬಿಳಿ ಮುಳ್ಳು. ಎಲೆ ಎಷ್ಟು ಸಣ್ಣದೆಂದರೆ ಆಡು ಕೂಡ ಅದಕ್ಕಾಗಿ ಮೂತಿ ಚುಚ್ಚಿಸಿಕೊಳ್ಳುವುದಿಲ್ಲ. ಪುಷ್ಯಮಾಸದಲ್ಲಿ ಹಳದಿ ಗುಂಡುಹೂ ಬಿಟ್ಟಾಗ ಜೇನು ಬರುತ್ತದೆ, ಅಷ್ಟೇ. ಸುತ್ತಲಿನ ಗುಡ್ಡಗಳನ್ನೆಲ್ಲ ನಾನೇ ತಿರುಗಿ ನೋಡಿದ್ದೇನೆ, ಈ ಗಿಡ ಬೇರೆಲ್ಲೂ ಇಲ್ಲ. ಇಲ್ಲಿ ಮಾತ್ರ ಹೇಗೆ ಉಳಿಯಿತೆಂದು ಕೇಳಿದರೆ ಹಟ್ಟಿಯವರು ಗುಡ್ಡದ ಹೆಸರಿನ ಕಥೆ ಹೇಳುತ್ತಾರೆ. ಐವತ್ತು ವರ್ಷಗಳಿಂದ ನಾನೂ ಅದನ್ನು ಕೇಳುತ್ತಿದ್ದೇನೆ.

ಹಿಂದೆ ಒಮ್ಮೆ ಈ ಜಾಲಿ ಎಲ್ಲ ಗುಡ್ಡಗಳಲ್ಲೂ ಇತ್ತು ಎನ್ನುತ್ತಾರೆ. ಕುರಿ ಕೂಡುವ ರೊಪ್ಪದ ಬೇಲಿಗೆ ಇದಕ್ಕಿಂತ ಗಟ್ಟಿ ಮುಳ್ಳಿಲ್ಲವೆಂದು ಕುರಿಗಾರರು ಕಡಿದು ಒಯ್ದದ್ದೇ ಒಯ್ದದ್ದು. ಕಡಿದ ಮುಳ್ಳಿನ ಮೇಲೆ ಕಲ್ಲು ಹೇರಿದ್ದರೆ ಅದನ್ನು ಬೇರೆಯವರು ಮುಟ್ಟಬಾರದೆಂಬುದು ಕಟ್ಟಳೆ. ತೋಳಗಳಿದ್ದ ಕಾಲವದು. ಕುರಿ ಮೇಯಿಸಲು ಹೋದ ಹಸಿಬಾಣಂತಿಯರು ಕೂಸನ್ನು ಗಿಡದ ನೆರಳಲ್ಲಿ ಮಲಗಿಸಿ, ಸುತ್ತ ಮುಳ್ಳು ಎಳೆದು, ಅದರ ಮೇಲೆ ಕಲ್ಲು ಹೇರಿ ಕುರಿಗಳ ಹಿಂದೆ ನಡೆಯುತ್ತಿದ್ದರು. ಹಟ್ಟಿಯ ಯಜಮಾನ ಮಾಳಿಂಗಯ್ಯನ ಸೊಸೆ ಮೈಲವ್ವನೂ ಒಂದು ದಿನ ಹಾಗೆಯೇ ಮಾಡಿದಳು. ಗರಸಿನಲ್ಲಿ ಹಿಡಿಗಾತ್ರದ ಕಲ್ಲೂ ಸಿಗದೆ, ಕುರಿಗೆ ಮದ್ದು ಅರೆಯಲೆಂದು ತಂದಿದ್ದ ಗುಂಡುಕಲ್ಲನ್ನೇ ಹೇರಿದಳು. ಅದು ಅವಳ ತವರಿನ ಹೊಳೆಯ ಕಪ್ಪು ಕಲ್ಲು.

ಮಧ್ಯಾಹ್ನ ಮಾಳಿಂಗಯ್ಯ ಅದೇ ದಾರಿಯಲ್ಲಿ ಬಂದ. ಅವನ ರೊಪ್ಪದ ಬೇಲಿ ಒಂದು ಕಡೆ ಕಿತ್ತುಹೋಗಿತ್ತು, ಒಳಗೆ ಮರಿಗಳಿದ್ದವು. ಮುಳ್ಳಿನ ಮೇಲಿನ ಕಲ್ಲು ನೋಡಿ ಸೊಸೆಯದೆಂದು ಗುರುತಿಸಿದ. ಮನೆಯವರ ಕಲ್ಲು ಮನೆ ಯಜಮಾನನಿಗೆ ಅಡ್ಡಿಯೇ ಎಂದುಕೊಂಡ. ಗಿಡದ ಆಚೆ ಬದಿಯ ನೆರಳಿನಲ್ಲಿ ಮೊಮ್ಮಗ ಮಲಗಿದ್ದಾನೆಂಬುದು ಅವನಿಗೆ ತಿಳಿಯದು. ಬಗ್ಗಿ ನೋಡಲೂ ಇಲ್ಲ. ಎರಡು ಕೊಂಬೆ ಎಳೆದುಕೊಂಡು, ಬೇಲಿಯ ಮೇಲೆ ಹೇರಲು ಬೇಕಲ್ಲ ಎಂದು ಕಲ್ಲನ್ನೂ ಕಂಕುಳಲ್ಲಿಟ್ಟುಕೊಂಡು ಹೋದ. ಮೈಲವ್ವ ಮೊಲೆಯುಣಿಸಲು ಬಂದಾಗ ಮುಳ್ಳಿನಲ್ಲಿ ಕಂಡಿ ಬಿದ್ದಿತ್ತು. ಕೂಸಿನ ಕುಲಾವಿ ಒಂದು ಮುಳ್ಳಿಗೆ ಸಿಕ್ಕಿಕೊಂಡಿತ್ತು. ಗರಸಿನ ಮೇಲೆ ತೋಳದ ಹೆಜ್ಜೆಗಳಿದ್ದವು.

ಹಟ್ಟಿ ಸೇರಿತು. "ಕಲ್ಲು ಹೇರಿದ್ದೇನವ್ವಾ?" ಎಂದು ಹಿರಿಯರು ಕೇಳಿದರು. "ಹೇರಿದ್ದೆ ಯಪ್ಪಾ, ನನ್ ತವರಿನ ಗುಂಡುಕಲ್ಲು," ಎಂದಳು. ತೀರ್ಪಿಗಾಗಿ ಎಲ್ಲರೂ ಯಜಮಾನ ಮಾಳಿಂಗಯ್ಯನ ಮುಖ ನೋಡಿದರು. ತಾನು ಮಾಡಿದ್ದೇನೆಂದು ಮುದುಕನಿಗೆ ಆಗ ತಿಳಿಯಿತು. "ನಾನು ಆ ದಾರೀಲೇ ಬಂದೆ. ಅಲ್ಲಿ ಕಲ್ಲೇ ಇರ್ಲಿಲ್ಲ," ಎಂದ. ಯಜಮಾನನ ಮಾತಿಗೆ ಎದುರಿಲ್ಲ. ಅಂದಿನಿಂದ ಅವಳು ಕಲ್ಲು ಮರೆತವ್ವನಾದಳು. ನೀರಿಗೆ ಹೋದರೂ ಅದೇ ಹೆಸರು, ಗುಡ್ಡಕ್ಕೂ ಅದೇ ಹೆಸರು. ಮರೆತೆನೇನೋ ಎಂದು ಕೊನೆಗೆ ಅವಳಿಗೇ ಅನ್ನಿಸತೊಡಗಿತಂತೆ. ಇದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ.

ಒಂಬತ್ತನೆಯ ದಿನ ಮರಿಗಳಿಗೆ ಸೊಪ್ಪು ಹಾಕಲು ಹೋದವಳು ರೊಪ್ಪದ ಬೇಲಿಯ ಮೇಲೆ ಆ ಕಪ್ಪು ಕಲ್ಲನ್ನು ಕಂಡಳು. ಕಲ್ಲನ್ನು ತಂದು ಮಾವನ ಮುಂದಿಟ್ಟಳು. "ಮಾವ, ಇದ್ಯಾರ ಕಲ್ಲು?" ಎಂದಳು. ಹಟ್ಟಿಯವರೆಲ್ಲ ನಿಂತು ನೋಡುತ್ತಿದ್ದರು. ಮುದುಕ ತಲೆಯೆತ್ತಲಿಲ್ಲ. ಅವಳು ಕಲ್ಲನ್ನು ಹೊತ್ತು ಗುಡ್ಡಕ್ಕೆ ಹೋಗಿ, ಕೂಸು ಮಲಗಿದ್ದ ಗಿಡದ ಬುಡದಲ್ಲಿಟ್ಟು ಅಲ್ಲೇ ಕುಳಿತಳು. ಮುಳ್ಳು ಕಡಿಯಲು ಬಂದವರಿಗೆಲ್ಲ ಸಾಯುವವರೆಗೂ ಅವಳು ಹೇಳಿದ್ದು ಒಂದೇ ಮಾತು: "ಕಲ್ಲೈತೆ, ನೋಡ್ಕೊಳ್ರಿ." ಬೇರೆ ಗುಡ್ಡಗಳ ಜಾಲಿಯೆಲ್ಲ ಬೇಲಿಯಾಗಿ ಹೋಯಿತು, ಇಲ್ಲಿ ಮಾತ್ರ ಯಾರೂ ಕೊಡಲಿ ಎತ್ತಲಿಲ್ಲ.

ಈಗ ಹೋದವರಿಗೂ ಆ ಗಿಡ ಕಾಣುತ್ತದೆ. ಹಳೆಯ ಬೇರಿನಿಂದ ಮತ್ತೆ ಮತ್ತೆ ಚಿಗುರಿದ ಕಾಂಡಗಳು ಕಪ್ಪು ಕಲ್ಲನ್ನು ಅರ್ಧ ಒಳಗೆಳೆದುಕೊಂಡು ಬೆಳೆದಿವೆ. ಎಳೆದರೂ ಅದು ಬರುವುದಿಲ್ಲ. ಬಂದವರು ಅದಕ್ಕೆ ಕೈ ಮುಗಿಯುತ್ತಾರೆ. ಇಳಿದು ಬಂದ ಮೇಲೆ ಎಲ್ಲಿಗೆ ಹೋಗಿದ್ದಿರೆಂದು ಯಾರಾದರೂ ಕೇಳಿದರೆ, ಕಲ್ಲು ಮರೆತವ್ವನ ಗುಡ್ಡಕ್ಕೆ ಎನ್ನುತ್ತಾರೆ.