ಹಲಗೆ ತಿದ್ದುತ್ತಿದ್ದ ತಂಗಿ

ಹೊಳೆ ಹೋಗಿ ಕಡಲು ಸೇರುವ ಒಂದು ಊರಿನಲ್ಲಿ ಶೀನ ಎಂಬ ಅಣ್ಣನೂ ವಿನುತ ಎಂಬ ತಂಗಿಯೂ ಇದ್ದರು. ತಂದೆ ತಾಯಿ ಬೇಗ ತೀರಿಹೋಗಿದ್ದರು. ಶೀನ ಬಂದರಿನಲ್ಲಿ ಮೀನಿನ ಬುಟ್ಟಿ ಹೊತ್ತು, ಮನೆಗೆ ಬಂದು ಅನ್ನ ಸಾರು ಬೇಯಿಸಿ ತಂಗಿಯನ್ನು ಸಾಕಿದ್ದ. ಅವನದು ಭಾರಿ ಮೈ. ಬೆಂಚಿನ ಮೇಲೆ ಅವನು ಕೂತರೆ ಪಕ್ಕದವರು ಎದ್ದು ನಿಲ್ಲಬೇಕಾಗುತ್ತಿತ್ತು. ಊರಿನವರು ಅವನನ್ನು ಡುಮ್ಮ ಶೀನ ಎಂದೇ ಕರೆಯುತ್ತಿದ್ದರು. ಹಾಗೆ ಕರೆಯುವುದರಲ್ಲಿ ಅವರಿಗೆ ಅದೇನು ಖುಷಿಯೋ ನಾನರಿಯೆ. ಶೀನ ಮಾತ್ರ ಬೇಸರ ತೋರಿಸದೆ ಅವರ ಜೊತೆ ತಾನೂ ನಗುತ್ತಿದ್ದ.

ಆ ಊರಿನ ಹಿನ್ನೀರಿನಲ್ಲಿ ಪ್ರವಾಸಿಗರಿಗೆ ನೀರಾಟ ಆಡಿಸುವ ಒಂದು ಕೇಂದ್ರವಿತ್ತು. ಅಲ್ಲಿ ದೋಣಿ ಓಡಿಸುವವನು ಇವರ ಸೋದರಮಾವ ಚಂದು. ಅವನ ದೋಣಿಯ ಹಿಂದೆ ವೇಕ್‌ಸರ್ಫಿಂಗ್ ಎಂಬ ಆಟ ನಡೆಯುತ್ತಿತ್ತು. ಗೊತ್ತಿಲ್ಲದ ಮಕ್ಕಳಿಗೆ ಹೇಳಿಬಿಡುತ್ತೇನೆ. ದೋಣಿ ಓಡುವಾಗ ಅದರ ಹಿಂದೆ ಒಂದು ಅಲೆ ಏಳುತ್ತದೆ. ಆಡುವವರು ನೀರಿನಲ್ಲಿ ಮಲಗಿ, ಪಾದಗಳನ್ನು ಹಲಗೆಯ ಮೇಲಿಟ್ಟು, ದೋಣಿಗೆ ಕಟ್ಟಿದ ಹಗ್ಗ ಹಿಡಿಯಬೇಕು. ದೋಣಿ ಎಳೆದಾಗ ಎದ್ದು ನಿಲ್ಲಬೇಕು. ಅಲೆಯೇ ಹಲಗೆಯನ್ನು ತಳ್ಳಲು ಶುರುಮಾಡಿದ ಮೇಲೆ ಹಗ್ಗವನ್ನು ದೋಣಿಯೊಳಗೆ ಎಸೆದುಬಿಡಬೇಕು. ಆಮೇಲೆ ಅಲೆ ಇರುವ ತನಕ ಆಟ.

ಆದರೆ ಒಳ್ಳೆಯ ಅಲೆ ಸುಮ್ಮನೆ ಏಳುವುದಿಲ್ಲ. ದೋಣಿಯ ಹಿಂಬದಿಯ ಒಂದು ಮೂಲೆ ನೀರಿಗೆ ತಗ್ಗಬೇಕು, ಅದಕ್ಕೆ ಅಲ್ಲಿ ಭಾರ ಬೇಕು. ಹೊಸ ದೋಣಿಗಳಲ್ಲಿ ಅದಕ್ಕೆಂದೇ ನೀರು ತುಂಬುವ ತೊಟ್ಟಿ ಇರುತ್ತದಂತೆ. ಚಂದು ಮಾವನ ಹಳೆಯ ದೋಣಿಯಲ್ಲಿ ಇದ್ದದ್ದು ಮರಳಿನ ಚೀಲ. ಅವು ಸಾಲುತ್ತಿರಲಿಲ್ಲ. ಪ್ರವಾಸಿಗರು ಬರುವ ಮೊದಲು, ಬೆಳಗಿನ ಹೊತ್ತು, ವಿನುತ ಆ ಸಪ್ಪೆ ಅಲೆಯಲ್ಲೇ ಆಟ ಕಲಿಯಲು ಒದ್ದಾಡುತ್ತಿದ್ದಳು. ಎದ್ದು ನಿಲ್ಲುವುದು, ಹಗ್ಗ ಬಿಡುವುದು, ಮುಳುಗುವುದು. ಮೂಗಿಗೆ ಉಪ್ಪುನೀರು ಹೊಕ್ಕು ಕೆಮ್ಮುವುದು. ಒಂದು ದಿನ ನೋಡಲು ಬಂದ ಶೀನ ದೋಣಿ ಹತ್ತಿ ಆ ಮೂಲೆಯಲ್ಲಿ ಕೂತ. ದೋಣಿ ವಾಲಿತು. ಹಿಂದೆ ಸೊಂಟದೆತ್ತರದ ಅಲೆ ಎದ್ದಿತು.

"ಹ್ವಾಯ್ ಶೀನ! ನೀ ಅಲ್ಲೇ ಕೂಕಣ್, ಏಳ್ಬೇಡ!" ಎಂದು ಮಾವ ಕೂಗಿದ.

ಶೀನನಿಗೆ ಆ ದಿನ ಆದ ಸಂತೋಷವನ್ನು ಹೇಗೆ ಹೇಳಲಿ? ಹುಟ್ಟಿದಾಗಿನಿಂದ ಅವನ ಮೈ ನೋಡಿ ನಕ್ಕವರೇ ಎಲ್ಲ. ಈಗ ಆ ಮೈಯೇ ಬೇಕು ಎಂದು ಒಬ್ಬರು ಕೇಳಿದ್ದರು.

ಅಂದಿನಿಂದ ಅವನು ದಿನವೂ ಬಂದು ಆ ಮೂಲೆಯಲ್ಲಿ ಕೂರತೊಡಗಿದ. ಮಾವ ಮುಂದೆ ನೋಡಿ ದೋಣಿ ಓಡಿಸಿದರೆ ಶೀನ ಹಿಂದೆ ನೋಡುತ್ತ ತಂಗಿಯನ್ನು ಕಾಯುತ್ತಿದ್ದ. "ಮುಂದಿನ್ ಕಾಲಿಗೆ ಭಾರ ಹಾಕ್ ಹೆಣೇ! ಕೆಳಗ್ ಕಾಣ್ಬೇಡ, ನನ್ನ ಕಾಣ್!" ಎಂದು ಕೂಗುತ್ತಿದ್ದ. ಆ ಕಡೆ ಹೆಣ್ಣುಮಕ್ಕಳನ್ನು ಪ್ರೀತಿಯಿಂದ ಹೆಣೇ ಎಂದೇ ಕರೆಯುವುದು. ಅವಳು ಮೊದಲ ಸಲ ಬೀಳದೆ ಅಲೆಯ ಮೇಲೆ ನಿಂತ ದಿನ, ಅವಳು ಎಸೆದ ಹಗ್ಗವನ್ನು ಎದೆಗವಚಿಕೊಂಡು ಮಗುವಿನ ಹಾಗೆ ಅತ್ತ. ಮಾವ ಅವನಿಗೆ ಬೈದ. ಅಳುತ್ತ ಅಲುಗಾಡಿದರೆ ಅಲೆ ಕೆಡುತ್ತದೆ ಎಂದು.

ವಿನುತ ಬೇಗ ಪಳಗಿದಳು. ಮುಂದಿನ ಬೇಸಿಗೆಯಲ್ಲಿ ಬೇರೊಂದು ಊರಿನ ಅಣೆಕಟ್ಟಿನ ನೀರಿನಲ್ಲಿ ದೊಡ್ಡ ಸ್ಪರ್ಧೆ ಇದೆ ಎಂಬ ಸುದ್ದಿ ಬಂತು. ಅಲ್ಲಿ ಗೆದ್ದರೆ ಕೇಂದ್ರದವರು ಅವಳನ್ನೇ ಕಲಿಸುವ ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ ಎಂದೂ ಆಯಿತು. ಅವಳಿಗೆ ಹಗಲೂ ಇರುಳೂ ಅದೇ ಧ್ಯಾನ.

ಮಳೆಗಾಲ ಮುಗಿದು ಹಿನ್ನೀರು ತಿಳಿಯಾದ ಮೇಲೆ ಒಂದು ತೊಂದರೆ ಶುರುವಾಯಿತು. ಅಲೆಯಲ್ಲಿ ಮೊದಲಿನ ತಳ್ಳು ಇಲ್ಲ. ಹಗ್ಗ ಬಿಟ್ಟು ಸ್ವಲ್ಪ ಹೊತ್ತಿಗೇ ಹಲಗೆ ಹಿಂದೆ ಬೀಳುತ್ತಿತ್ತು. ದೋಣಿ ಅದೇ, ಮಾವ ಓಡಿಸುವ ವೇಗ ಅದೇ. ಮರಳಿನ ಚೀಲಗಳು ಇದ್ದಲ್ಲೇ ಇದ್ದವು, ಅಣ್ಣನೂ ಕೂತಲ್ಲೇ ಕೂತಿದ್ದ. ಹಾಗಾದರೆ ತಪ್ಪು ಹಲಗೆಯದೇ ಎಂದು ವಿನುತ ತೀರ್ಮಾನಿಸಿದಳು.

ಹಲಗೆಯ ಅಡಿಯಲ್ಲಿ ಮೀನಿನ ರೆಕ್ಕೆಯಂಥ ಮೂರು ಫಿನ್‌ಗಳಿರುತ್ತವೆ. ಅವನ್ನು ಬಿಚ್ಚಿ ಹಾಕಬಹುದು. ಅವಳು ನಡುವಿನದನ್ನು ಬಿಚ್ಚಿ ನೋಡಿದಳು. ಹಲಗೆ ಜಾರಿತು. ಬದಿಯ ಎರಡನ್ನು ತೆಗೆದು ಸಣ್ಣವು ಹಾಕಿದಳು. ಆಗಲೂ ಆಗಲಿಲ್ಲ. ಕಾಲಿಡುವ ಜಾಗವನ್ನು ಮುಂದಕ್ಕೆ ತಂದಳು, ಹಿಂದಕ್ಕೆ ಒಯ್ದಳು. ಪಾದ ಜಾರದಂತೆ ಹಚ್ಚಿದ್ದ ಮೇಣವನ್ನು ಕೆರೆದು ಹೊಸದಾಗಿ ಹಚ್ಚಿದಳು. ಕೇಂದ್ರದಲ್ಲಿದ್ದ ದಪ್ಪ ಹಲಗೆಯನ್ನು ಬೇಡಿ ತಂದಳು. ಭರತ ಇಳಿತಗಳ ಮೇಲೂ ಸಿಟ್ಟು ಮಾಡಿದಳು. ಮನೆಯಲ್ಲಿ ಊಟಕ್ಕೆ ಕೂತಾಗಲೂ ತೊಡೆಯ ಮೇಲೆ ಫಿನ್, ಕೈಯಲ್ಲಿ ಸ್ಕ್ರೂಡ್ರೈವರ್.

ಮಕ್ಕಳೇ, ನಿಮಗೆ ಈಗಾಗಲೇ ಅನುಮಾನ ಬಂದಿರಬಹುದು. ಅವಳಿಗೆ ಬರಲಿಲ್ಲ.

ಶೀನ ತಟ್ಟೆಯಲ್ಲಿ ಅನ್ನ ಬಿಡತೊಡಗಿದ್ದ. ಹೊಟ್ಟೆ ತುಂಬಿತು ಎಂದು ತನ್ನ ಮೀನಿನ ತುಂಡನ್ನು ತಂಗಿಯ ತಟ್ಟೆಗೆ ದೂಡುತ್ತಿದ್ದ. ಹಿನ್ನೀರಿನಲ್ಲಿ ಈಜಿ ಹಸಿದಿದ್ದ ಅವಳು ಫಿನ್ ನೋಡುತ್ತಲೇ ಅದನ್ನೂ ತಿಂದು ಮುಗಿಸುತ್ತಿದ್ದಳು. ಅವನ ಅಂಗಿ ಭುಜದಿಂದ ಜಾರುತ್ತಿತ್ತು. ಬಂದರಿನಲ್ಲಂತೂ ಎಲ್ಲರೂ ಅವನನ್ನು ಹೊಗಳಿದ್ದೇ ಹೊಗಳಿದ್ದು. "ಸಪೂರ ಆಯ್ದೆ ಅಲ್ದಾ ಮಾರಾಯಾ! ಈಗ್ ಚಂದ ಕಾಣ್ತೆ!" ಎಂದು ಬೆನ್ನು ತಟ್ಟಿದರು. ಡುಮ್ಮ ಎಂದು ನಕ್ಕ ಬಾಯಿಗಳೇ ಅವು. ಅಂಥವರ ಕಣ್ಣನ್ನು ನಂಬಿ ಕೂರಬಾರದು.

ಒಂದು ಬೆಳಿಗ್ಗೆ ವಿನುತ ಎಸೆದ ಹಗ್ಗ ಶೀನನ ಕೈಗೆ ಸಿಗದೆ ನೀರಿಗೆ ಬಿತ್ತು. ಮತ್ತೊಮ್ಮೆ ಎಸೆದಾಗಲೂ ಹಾಗೇ ಆಯಿತು. ಅವಳಿಗೆ ರೇಗಿತು. ದೋಣಿಯ ಬದಿ ಹಿಡಿದು ನೀರಿನಲ್ಲಿದ್ದುಕೊಂಡೇ ಕೂಗಿದಳು.

"ಎಲ್ಲ್ ಕಾಣ್ತಾ ಇದ್ಯಾ ಅಣ್ಣ? ಸುಮ್ನೆ ಕೂಕಂಬ್ದು ಬಿಟ್ರೆ ನಿಂಗ್ ಬೇರೆ ಎಂತ ಕೆಲಸ ಇತ್ತ್?"

"ಕೈ ಜಾರ್ತ್ ಹೆಣೇ," ಎಂದ ಶೀನ. "ಇನ್ನೊಂದ್ ಸಲ ಹೋಪ. ನಾನ್ ಸಮಾ ಹಿಡಿತೆ."

ಕೆಲವು ದಿನಗಳ ನಂತರ ಅಲೆ ಇದ್ದಕ್ಕಿದ್ದಂತೆ ಸರಿಹೋಯಿತು. ಹಿಂದಿನ ದಿನವಷ್ಟೇ ವಿನುತ ಬದಿಯ ಫಿನ್‌ಗಳನ್ನು ಬಿಚ್ಚಿ ದೊಡ್ಡವು ಹಾಕಿದ್ದಳು. ಹಲಗೆ ಹಿಂದೆ ಬೀಳಲಿಲ್ಲ. ಅಲೆ ಅವಳ ಪಾದಗಳನ್ನು ಮೊದಲಿನ ಹಾಗೆ ತಳ್ಳಿತು. ಅವಳು ಕೇಕೆ ಹಾಕಿದಳು. "ಸಿಕ್ತ್ ಮಾವ! ಫಿನ್‌ದೇ ತೊಂದ್ರೆ ಆಯಿದ್ದದ್! ನಾನ್ ಹೇಳ್ಲಿಲ್ಯಾ?" ಎಂದು ದಡಕ್ಕೆ ಬಂದವಳೇ ಹಲಗೆಗೆ ಮುತ್ತಿಟ್ಟಳು. ಮೂಲೆಯಲ್ಲಿ ಕೂತಿದ್ದ ಶೀನ ಏಳಲು ತುಸು ಹೊತ್ತು ತೆಗೆದುಕೊಂಡ. ಆಮೇಲೆ ಅವನೂ ನಕ್ಕ.

ಸ್ಪರ್ಧೆ ಹತ್ತಿರ ಬಂತು. ಊರಿನಲ್ಲಿ ಕೊನೆಯ ಅಭ್ಯಾಸದ ದಿನ ನೀರು ಅಲುಗಾಡದೆ ನಿಂತಿತ್ತು. ವಿನುತ ಅಷ್ಟು ಚೆನ್ನಾಗಿ ಎಂದೂ ಆಡಿರಲಿಲ್ಲ. ಹಗ್ಗ ಎಸೆದು, ಅಲೆಯ ಮೈಯಲ್ಲಿ ಇಳಿದು, ಏರಿ, ಹಲಗೆಯನ್ನು ಒಂದು ಸುತ್ತು ತಿರುಗಿಸಿ ಮತ್ತೆ ನೇರ ನಿಂತಳು. ಮೆಚ್ಚುಗೆಯ ಕೂಗು ಕೇಳಬೇಕೆಂದು ದೋಣಿಯತ್ತ ನೋಡಿದಳು. ಅಣ್ಣನ ತಲೆ ಕಾಣಲಿಲ್ಲ. ಹಗ್ಗದ ತುದಿ ಹೊರಗೆ ನೇತಾಡುತ್ತಿತ್ತು.

ಅವಳು ಕಿರುಚಿದ್ದು ಕೇಳಿ ಮಾವ ಎಂಜಿನ್ ನಿಲ್ಲಿಸಿದ. ಅವಳು ಈಜಿ ಬಂದು ದೋಣಿ ಹತ್ತಿದಳು. ಶೀನ ಮರಳಿನ ಚೀಲಗಳ ನಡುವೆ ಮಗ್ಗುಲಾಗಿ ಬಿದ್ದಿದ್ದ. ಉಸಿರಿತ್ತು, ಪ್ರಜ್ಞೆ ಇರಲಿಲ್ಲ. ಇಬ್ಬರೂ ಅವನನ್ನು ಎತ್ತಲು ಹೋದರು. ಹೆಗಲ ಕಡೆ ಹಿಡಿದ ವಿನುತಳಿಗೆ ಭಾರವೇ ಅನ್ನಿಸಲಿಲ್ಲ. ಸೊಂಟದ ಕಡೆ ಹಿಡಿದ ಮಾವನಿಗೆ ಎತ್ತಲಾಗಲಿಲ್ಲ. ಮಾವ ಅಂಗಿ ಸರಿಸಿ ನೋಡಿದ. ಒಳಗೆ ಸೊಂಟಕ್ಕೆ ಬೈರಾಸು ಎಂಬ ಉದ್ದನೆಯ ಟವೆಲು ಸುತ್ತಿತ್ತು. ಅದರ ಗಂಟು ಬಿಚ್ಚಿದಾಗ, ಬಲೆ ಮುಳುಗಲೆಂದು ಕಟ್ಟುವ ಸೀಸದ ಗುಂಡುಗಳು ದಡದಡನೆ ದೋಣಿಯ ತಳಕ್ಕೆ ಸುರಿದವು. ಅವನು ಕೂತಿದ್ದ ಜಾಗದಲ್ಲಿ ಗೋಣಿಯ ಕೆಳಗೂ ಅವೇ ಇದ್ದವು.

"ಇದೆಂತ ಹೆಣೇ ಇದ್?" ಎಂದ ಮಾವ.

ವಿನುತಳಿಗೆ ಎಲ್ಲ ಅರ್ಥವಾಯಿತು. ಗುಂಡು ಸುತ್ತಿದ್ದಲ್ಲಿ ಅಣ್ಣನ ಚರ್ಮ ಉಜ್ಜಿ ಕೆಂಪಾಗಿತ್ತು. ಪಕ್ಕೆಲುಬುಗಳು ಒಂದೊಂದಾಗಿ ಕಾಣುತ್ತಿದ್ದವು. ತನ್ನ ಮೈ ಕರಗುತ್ತಿದ್ದುದು ಅವನಿಗೆ ಗೊತ್ತಿತ್ತು. ತಂಗಿಯ ಅಲೆ ಕುಗ್ಗಬಾರದೆಂದು, ಕಳೆದುಹೋದ ಭಾರವನ್ನು ಅವನು ಸೀಸದಲ್ಲಿ ತುಂಬಿಕೊಂಡಿದ್ದ. ಆ ಹೊತ್ತಿಗೆ ಅವನು ನೀರಿಗೆ ಬಿದ್ದಿದ್ದರೆ ಕಲ್ಲಿನ ಹಾಗೆ ತಳ ಸೇರುತ್ತಿದ್ದ. ಇವಳು ಮುತ್ತಿಟ್ಟದ್ದು ಹಲಗೆಗೆ.

ದೊಡ್ಡ ಆಸ್ಪತ್ರೆಗೆ ಒಯ್ದರು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಇವರನ್ನು ಒಳಗೆ ಕರೆದರು. ಹೊಟ್ಟೆಯಲ್ಲಿ ಗಡ್ಡೆ ಬೆಳೆದಿದೆ, ಬೇರೆ ಕಡೆಗೂ ಹಬ್ಬಿದೆ ಎಂದರು.

"ಇವರ ತೂಕ ಯಾವಾಗಿನಿಂದ ಇಳಿಯುತ್ತ ಬಂತು? ನಿಮಗೇನಾದರೂ ನೆನಪಿದೆಯಾ?"

ಮಾವನಿಗೆ ಗೊತ್ತಿರಲಿಲ್ಲ. ಬಂದರಿನವರನ್ನು ಕೇಳಿದ್ದರೆ ಅವರಿಗೂ ಗೊತ್ತಿರುತ್ತಿರಲಿಲ್ಲ. ವಿನುತಳಿಗೆ ಗೊತ್ತಿತ್ತು. ಹಲಗೆ ಮೊದಲ ಸಲ ಹಿಂದೆ ಬಿದ್ದ ಬೆಳಗು ಅವಳಿಗೆ ಚೆನ್ನಾಗಿ ನೆನಪಿತ್ತು. ಅಣ್ಣನ ಕಾಯಿಲೆ ಯಾರ ಕಣ್ಣಿಗೂ ಬೀಳುವ ಮೊದಲು ಅವಳ ಪಾದಗಳಿಗೆ ತಿಳಿದಿತ್ತು.

"ಮಳೆಗಾಲ ಮುಗಿದು ನೀರು ತಿಳಿ ಆದಾಗಿನಿಂದ," ಎಂದಳು.

"ಆಗಲೇ ಕರಕೊಂಡು ಬಂದಿದ್ದರೆ ಆಪರೇಷನ್ ಮಾಡಬಹುದಿತ್ತು," ಎಂದರು ಡಾಕ್ಟರು. ಒಳ್ಳೆಯ ಮನುಷ್ಯ, ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಸ್ವಲ್ಪ ಹಗುರಾಗುತ್ತಿತ್ತೇನೋ.

ಸ್ಪರ್ಧೆಯ ದಿನ ಬಂತು, ಹೋಯಿತು. ವಿನುತ ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಕೂತು ಅಣ್ಣನಿಗೆ ಗಂಜಿ ಕುಡಿಸುತ್ತಿದ್ದಳು. ಅವನಿಗೆ ಎರಡು ಚಮಚ ಸೇರುವುದೇ ಕಷ್ಟವಾಗಿತ್ತು. ಅವಳು ತಡೆಯಲಾರದೆ ಕೇಳಿದಳು.

"ಹುಷಾರಿಲ್ಲ ಅಂದೇಳಿ ನಂಗೆ ಎಂತಕ್ ಹೇಳ್ಲಿಲ್ಲ ಅಣ್ಣ?"

ಶೀನ ಯೋಚಿಸಿದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ.

"ನೀ ಕೇಂಡ್ರೆ ಹೇಳ್ತಿದ್ದೆ," ಎಂದ.

ಕೇಳಿದ್ದರೆ ಹೇಳುತ್ತಿದ್ದ. ದಿನವೂ ಅವನ ಎದುರಿಗೆ ಕೂತು ಅವನ ಪಾಲಿನ ಮೀನು ತಿಂದವಳು ಒಂದು ಸಲವೂ ಕೇಳಿರಲಿಲ್ಲ. ವಿನುತ ಗಂಜಿಯ ಬಟ್ಟಲು ಕೆಳಗಿಟ್ಟು ಅವನ ಕೈ ಹಿಡಿದುಕೊಂಡು ಅತ್ತಳು. ಶೀನ ಅವಳ ತಲೆ ಸವರಿ, ಅಲೆ ಕಡೆಕಡೆಗೆ ಚೆನ್ನಾಗಿತ್ತಾ ಎಂದು ಕೇಳಿದ. ಚೆನ್ನಾಗಿತ್ತು ಎಂದಳು. ಮಳೆ ಶುರುವಾಗುವ ಮೊದಲೇ ಅವನು ತೀರಿಹೋದ.

ಅವಳು ಬಹಳ ದಿನ ನೀರಿನ ಹತ್ತಿರ ಹೋಗಲಿಲ್ಲ. ಮತ್ತೊಂದು ವರ್ಷದ ಸ್ಪರ್ಧೆ ಬರುವ ಹೊತ್ತಿಗೆ ಮಾವನೇ ಮನೆಗೆ ಬಂದು, ಹೀಗೇ ಕೂತರೆ ಹುಚ್ಚು ಹಿಡಿಯುತ್ತದೆ ಎಂದು ಎಬ್ಬಿಸಿ ಕರೆದೊಯ್ದ. ಶೀನ ಕೂರುತ್ತಿದ್ದ ಮೂಲೆಯಲ್ಲಿ ಹೊಸದಾಗಿ ತುಂಬಿಸಿದ ಮರಳಿನ ಚೀಲಗಳನ್ನು ಎದೆಯೆತ್ತರಕ್ಕೆ ಪೇರಿಸಿದ್ದ. ದೋಣಿ ಹೊರಟಿತು. ಅಲೆ ಎದ್ದಿತು. ಅದೇ ಎತ್ತರ, ಅದೇ ತಳ್ಳು. ಹಲಗೆ ಎಲ್ಲಿಯೂ ಹಿಂದೆ ಬೀಳಲಿಲ್ಲ. ಅಣ್ಣನಿಲ್ಲದೆಯೂ ಅಲೆ ಇಷ್ಟು ಚೆನ್ನಾಗಿ ಏಳುತ್ತದಲ್ಲ ಎಂದು ವಿನುತಳಿಗೆ ಅಲೆಯ ಮೇಲೆಯೇ ಕೆಟ್ಟ ಸಿಟ್ಟು ಬಂತು. ಅವಳು ಸ್ವಲ್ಪ ದೂರ ಹೋಗಿ, ಬೀಳದಿದ್ದರೂ ತಾನಾಗಿ ನೀರಿಗೆ ಇಳಿದಳು. ನೀರಿನಲ್ಲಿದ್ದರೆ ಅತ್ತದ್ದು ಯಾರಿಗೂ ಕಾಣುವುದಿಲ್ಲ.

ಮಾವ ದೋಣಿ ತಿರುಗಿಸಿ ಹತ್ತಿರ ತಂದ. ಹಿಂದೆ ಕೇಳುತ್ತಿದ್ದುದನ್ನೇ ಕೇಳಿದ.

"ಎಂತ ಹೆಣೇ, ಹಲಗೆ ಸಮಾ ಇತ್ತಾ?"

ವಿನುತ ದೋಣಿಯ ಬದಿ ಹಿಡಿದುಕೊಂಡಳು.

"ಹಲಗೆ ಯಾವತ್ತೂ ಸಮಾ ಇದ್ದಿತ್ ಮಾವ," ಎಂದಳು.

ನೀತಿ: ಮಕ್ಕಳೇ, ದಿನವೂ ಸರಾಗವಾಗಿ ನಡೆಯುತ್ತಿದ್ದ ನಿಮ್ಮ ಕೆಲಸ ಒಂದು ದಿನ ತೊಡರಿದರೆ ಕೈಯಲ್ಲಿರುವ ಸಾಮಾನನ್ನು ತಿದ್ದುವ ಮೊದಲು, ನಿಮಗಾಗಿ ಭಾರ ಹೊತ್ತು ಕೂತವರ ಮುಖ ನೋಡಿ. ಚೆನ್ನಾಗಿದ್ದೀಯಾ ಎಂದು ಬಾಯಿಬಿಟ್ಟು ಕೇಳಿ. ನಮ್ಮನ್ನು ಪ್ರೀತಿಸುವವರು ತಮ್ಮ ನೋವನ್ನು ತಾವಾಗಿ ಹೇಳುವುದಿಲ್ಲ, ಕೇಳುವುದು ನಮ್ಮ ಕೆಲಸ.