ಗೂಟವಾಗದ ಕತ್ತಿ

ಮಲಪ್ರಭೆಯ ದಂಡೆಯ ಹಳೇಸಂಕನಾಳದಲ್ಲಿ ಶ್ರೀ ಕಾಳಹಸ್ತಯ್ಯ ಅಜ್ಜನವರ ಮಠವೆಂದರೆ ಹೆಚ್ಚೇನೂ ಇರಲಿಲ್ಲ. ಒಂದು ತಗಡಿನ ಚಪ್ಪರ, ಅದರ ಕೆಳಗೆ ಕುಲುಮೆ, ಕುಲುಮೆಯ ಪಕ್ಕ ಪೂಜ್ಯರ ಕಂಬಳಿ. ಗದ್ದುಗೆ ಎಲ್ಲಿದೆಯೆಂದು ಹೊಸ ಭಕ್ತರು ಹುಡುಕಿದರೆ ಪೂಜ್ಯರು ನಕ್ಕು, ಕಬ್ಬಿಣ ಬಡಿಯುವ ಅಡಿಗಲ್ಲನ್ನು ತೋರಿಸುತ್ತಿದ್ದರು. ಪೂರ್ವಾಶ್ರಮದಲ್ಲಿ ಕಮ್ಮಾರರಾಗಿದ್ದ ಅವರು ಕಾವಿ ತೊಟ್ಟ ಮೇಲೂ ಸುತ್ತಿಗೆ ಬಿಟ್ಟವರಲ್ಲ. ಅವರು ಬಡಿದ ಕುಡುಗೋಲಿನಿಂದ ಜೋಳ ಕೊಯ್ದರೆ ಕಣ ತುಂಬುತ್ತದೆಂದು ರೈತರು ನಂಬಿದ್ದರು. "ಕಣ ತುಂಬೂದು ಮಳಿಯಿಂದ, ನನ್ನಿಂದಲ್ಲ" ಎಂದು ಪೂಜ್ಯರು ಗದರಿದರೂ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಅಂದು ಖಂಡೇನವಮಿಯ ಹಿಂದಿನ ದಿನ. ನವಮಿಯಂದು ಯಾವ ಆಯುಧವೂ ದುಡಿಯಬಾರದು, ಕುಲುಮೆಯೂ ತಣ್ಣಗಿರಬೇಕು. ಬಂದ ಕೆಲಸವನ್ನೆಲ್ಲ ಮುಗಿಸಿ ಪೂಜ್ಯರು ಬೆವರು ಒರೆಸಿಕೊಳ್ಳುತ್ತಿದ್ದಾಗ ಸುಬೇದಾರ ಫಕೀರಗೌಡರು ಗೋಣಿತಟ್ಟಿನಲ್ಲಿ ಏನನ್ನೋ ಸುತ್ತಿಕೊಂಡು ಬಂದರು. ಗೌಡರು ಮಠದ ಕಡೆ ಕಾಲಿಟ್ಟವರೇ ಅಲ್ಲ. ಬರ್ಮಾದ ಯುದ್ಧ ಮುಗಿಸಿ ಊರಿಗೆ ಬಂದಂದಿನಿಂದ ತಮ್ಮ ಮೀಸೆಯೊಂದನ್ನು ಬಿಟ್ಟು ಬೇರೆ ಯಾವುದಕ್ಕೂ ಅವರು ಭಕ್ತಿ ತೋರಿದ್ದನ್ನು ಕಂಡವರಿಲ್ಲ.

ಗೋಣಿ ಬಿಚ್ಚಿದರು. ಒಳಗೆ ಒಂದು ಜಪಾನೀ ಕತ್ತಿಯಿತ್ತು.

"ಇದನ್ನ ಕಾಸಿ ಬಡದು ಎಮ್ಮಿ ಕಟ್ಟೂ ಗೂಟ ಮಾಡಿಕೊಡ್ರಿ" ಎಂದರು ಗೌಡರು.

ಪೂಜ್ಯರು ಏನೂ ಕೇಳಲಿಲ್ಲ. ಕೇಳದವರ ಮುಂದೆಯೇ ಮನುಷ್ಯ ಎಲ್ಲವನ್ನೂ ಹೇಳಿಬಿಡುತ್ತಾನೇನೋ, ಗೌಡರು ನಿಂತಲ್ಲೇ ಹೇಳಿದರು. ಒಂದೇ ಓಣಿಯಲ್ಲಿ ಆಡಿ ಬೆಳೆದ ಗೆಳೆಯ ದ್ಯಾವಪ್ಪ ಅವರೊಡನೆಯೇ ದಂಡಿಗೆ ಸೇರಿದ್ದ. ಬರ್ಮಾದ ಕಾಡಿನಲ್ಲಿ, ಅವರ ಕಣ್ಣೆದುರಿಗೇ, ಜಪಾನೀ ಅಧಿಕಾರಿಯೊಬ್ಬನ ಕತ್ತಿಗೆ ಬಲಿಯಾದ. ಮುಂದೆ ಜಪಾನಿನವರು ಸೋತು ಕತ್ತಿಗಳನ್ನು ಒಪ್ಪಿಸಿದಾಗ, ಆ ರಾಶಿಯಿಂದ ಒಂದನ್ನು ಗೌಡರಿಗೆ ನೆನಪಿಗೆಂದು ಕೊಟ್ಟರು. ದ್ಯಾವಪ್ಪನನ್ನು ಕೊಂದದ್ದು ಇದೇ ಕತ್ತಿಯಲ್ಲ. ಆದರೆ ಸಿಟ್ಟಿಗೆ ಅಂಥ ವಿವೇಚನೆ ಎಲ್ಲಿಯದು? ಪ್ರತಿ ಖಂಡೇನವಮಿಗೆ ಊರೆಲ್ಲ ತಮ್ಮ ತಮ್ಮ ಆಯುಧಕ್ಕೆ ಹೂವೇರಿಸಿ ಕೈಮುಗಿಯುವಾಗ ಗೌಡರು ಮಾತ್ರ ಈ ಕತ್ತಿ ಹಿಡಿದು ಹಿತ್ತಲಿನ ಜಾಲಿಮುಳ್ಳು ಕಡಿಯುತ್ತಿದ್ದರು. ಪೂಜೆಯ ದಿನ ಪೂಜೆ ಸಿಗದಂತೆ ಮಾಡುವುದೇ ಅದಕ್ಕೆ ಕೊಡುವ ಶಿಕ್ಷೆಯಾಗಿತ್ತು. ಅಲಗು ಅಲ್ಲಲ್ಲಿ ಚಕ್ಕೆ ಎದ್ದಿತೇ ಹೊರತು ಎದೆಯ ಉರಿ ಆರಲಿಲ್ಲ.

"ದ್ಯಾವಪ್ಪನ ಅವ್ವ ನೀಲವ್ವ ಇನ್ನೂ ಅದಾಳ್ರಿ. ಮಗ ಹ್ಯಾಂಗ ಸತ್ತ ಹೇಳಪಾ ಅಂತಾಳ. ಆಕಿ ಎದುರಿಗೆ ಬಂದ್ರ ನಾ ಸಂದಿ ಹಿಡಿದು ಹೊಕ್ಕೀನಿ. ಬಾಯಿ ಬರೂದಿಲ್ಲ. ಇದು ಮನಿಯಾಗ ಇರೂ ತನಕ ಬರೂದೂ ಇಲ್ಲ."

"ಆಗಲಿ, ತಿದಿ ನೀನ ಒತ್ತು. ಮೊದಲ ಹಿಡಿ ಬಿಚ್ಚೂಣು" ಎಂದರು ಪೂಜ್ಯರು.

ಅಷ್ಟುದ್ದದ ಕತ್ತಿಯನ್ನು ಹಿಡಿಗೆ ಕಚ್ಚಿಸಿದ್ದು ಒಂದು ಪುಟ್ಟ ಬಿದಿರಿನ ಬೆಣೆ. ಪೂಜ್ಯರು ಅದನ್ನು ಮೊಳೆಯಿಂದ ಮೆಲ್ಲಗೆ ತಟ್ಟಿ ಹೊರದೂಡಿದಾಗ ಹಿಡಿ ಜಾರಿ ಬಂತು. ಇಷ್ಟು ವರ್ಷ ಮನೆಯಲ್ಲಿಟ್ಟುಕೊಂಡೂ ಗೌಡರು ಅದರ ಒಳಗನ್ನು ಕಂಡಿರಲಿಲ್ಲ. ಹಿಡಿಯೊಳಗೆ ಅಡಗಿದ್ದ ಕಬ್ಬಿಣ ಹಳೆಯ ತುಕ್ಕಿನಿಂದ ಕಪ್ಪಗಿತ್ತು. ಬೆಣೆ ಕೂರಿಸಲು ಕೊರೆದ ತೂತು ಒಂದಲ್ಲ, ಎರಡಿದ್ದವು. ಪಕ್ಕದಲ್ಲಿ ಚಾಣದಿಂದ ಕೆತ್ತಿದ ನಾಲ್ಕಾರು ಅಕ್ಷರಗಳಿದ್ದವು.

"ಹಿಡಿ ಮೊನ್ನಿ ಮೊನ್ನಿದು. ಅಲಗು ನಮ್ಮ ಮುತ್ತಜ್ಜರಿಗೂ ಹಿಂದಿಂದು. ಯಾರೋ ಹಳೀ ಅಲಗು ಜ್ವಾಪಾನ ಮಾಡಿ ಹೊಸಾ ಹಿಡಿ ಹಾಕ್ಯಾರ" ಎಂದು ಪೂಜ್ಯರು ಅದನ್ನು ಬಿಸಿಲಿಗೆ ಹಿಡಿದರು. ಅಲಗಿನ ಹರಿತವಾದ ಬಾಯಿಯ ಉದ್ದಕ್ಕೂ ಒಂದು ಬಿಳಿಯ ಗೆರೆ ಅಲೆಅಲೆಯಾಗಿ ಮೂಡಿತು. ಪೂಜ್ಯರ ಮುಖ ಅರಳಿತು. ಹೋಳಿಗೆಯ ಕಣಕ ನಾದಿದ ಹಾಗೆ ಉಕ್ಕನ್ನು ಮಡಚಿ ಮಡಚಿ ಬಡಿದಿದ್ದಾರೆ. ಆಮೇಲೆ ಬೆನ್ನಿಗೆ ದಪ್ಪಗೆ, ಬಾಯಿಗೆ ತೆಳ್ಳಗೆ ಮಣ್ಣು ಮೆತ್ತಿ, ಕಾಸಿ ನೀರಿಗೆ ಇಳಿಸಿದ್ದಾರೆ. ಅದರಿಂದಲೇ ಬಾಯಿ ಗಟ್ಟಿ, ಬೆನ್ನು ಮೆತ್ತಗೆ, ಆ ಮಣ್ಣಿನ ಅಂಚೇ ಈ ಗೆರೆ ಎಂದು ಮಗುವಿಗೆ ಆಟಿಕೆ ತೋರಿಸುವಂತೆ ತೋರಿಸಿದರು. ಒಮ್ಮೆ ಕೆಂಪಗೆ ಕಾಸಿದರೆ ಆ ಹದ ಹೋಯಿತು, ಮತ್ತೆ ಅದೇ ಗೆರೆಯನ್ನು ಯಾರೂ ತರಲಾರರು ಎಂದೂ ಹೇಳಿದರು. ಆಮೇಲೆ, ಮಾಡಿದವನ ಹೆಸರಿನಂತಿದ್ದ ಆ ಅಕ್ಷರಗಳಿಗೆ ಹಣೆ ಹಚ್ಚಿ, ಅಲಗನ್ನು ಕೆಂಡದ ಅಂಚಿಗಿಟ್ಟು, "ಒತ್ತಪಾ" ಎಂದರು.

ಗೌಡರಿಗೆ ರೇಗಿಹೋಯಿತು. "ಮಂದೀನ್ನ ಕೊಲ್ಲೂದಕ್ಕ ಹಣಿ ಹಚ್ಚತೀರೇನ್ರಿ?"

"ಮಾಡಿದ ಕೈಗೆ ಹಚ್ಚಿದೆ, ತಮ್ಮಾ. ನಾ ಬಡದ ಕುಡಗೋಲಿಂದ ಒಬ್ಬನ ಕುತ್ತಿಗಿ ಹೋತು. ಕೋರ್ಟಿನ್ಯಾಗ ಅದನ್ನ ಮುಂದ ಹಿಡಿದು, ನಿನ್ನ ಕೈಯಾಂದೇನು ಅಂದ್ರು. ನೋಡಿದ ಕೂಡಲೆ ಗುರುತು ಹತ್ತಿತು. ಹೌದ್ರಿ ಅಂದೆ."

ಪೂಜ್ಯರು ಸಂಸಾರ ಬಿಟ್ಟದ್ದು ಆ ವರ್ಷವೇ ಎಂದು ಊರಿನ ಹಿರಿಯರಿಗೆ ಗೊತ್ತಿತ್ತು. ಯಾಕೆಂದು ಪೂಜ್ಯರ ಬಾಯಿಂದ ಕೇಳಿದವರು ಗೌಡರೊಬ್ಬರೇ.

"ಕುಡಗೋಲು ಜ್ವಾಳ ಕೊಯ್ಯಾಕ ಮಾಡಿದ್ದು. ಇದನ್ನ ಕಡಿಯಾಕಂತ ಮಾಡ್ಯಾರ" ಎಂದರು ಗೌಡರು, ಸೋಲದೆ.

"ಖರೆ. ನೀ ಹಿಡಿದ ಬಂದೂಕು ಯಾತಕ್ಕ ಮಾಡಿದ್ರು?"

ಗೌಡರು ಕುಲುಮೆಗೆ ಗಾಳಿ ಊದುವ ತಿದಿಯ ಹಗ್ಗ ಹಿಡಿದರು.

"ಇದನ್ನ ಕಾಸೂದು ನಾಡಿದ್ದ ಆದರೂ ಆದೀತು. ನೀಲವ್ವ ಮುದುಕಿ ಆಗ್ಯಾಳ" ಎಂದರು ಪೂಜ್ಯರು.

ತಿದಿಯ ಹಗ್ಗ ಗೌಡರ ಕೈಯಲ್ಲೇ ಇತ್ತು. ಒತ್ತಲಿಲ್ಲ. ಕೆಂಡ ತಾನಾಗಿಯೇ ಬೂದಿಯಾಗುವವರೆಗೂ ಹಾಗೇ ನಿಂತಿದ್ದು, ಹಗ್ಗ ಬಿಟ್ಟು, ಯಾವ ಸಂದಿಯನ್ನೂ ಹಿಡಿಯದೆ ನೇರವಾಗಿ ನೀಲವ್ವನ ಮನೆಗೆ ನಡೆದರು.

ಅವಳು ರೊಟ್ಟಿ ಬಡಿಯುತ್ತಿದ್ದಳು. ಗೌಡರು ಹೊಸ್ತಿಲಲ್ಲೇ ಕುಳಿತು ಎಲ್ಲವನ್ನೂ ಹೇಳಿದರು. ಸಾಯುವ ಹಿಂದಿನ ಸಂಜೆ ದ್ಯಾವಪ್ಪ ಅವ್ವನ ಶೇಂಗಾ ಹಿಂಡಿಯನ್ನು ನೆನೆಸಿಕೊಂಡು ಇಡೀ ತುಕಡಿಯ ಬಾಯಲ್ಲಿ ನೀರೂರಿಸಿದ್ದನ್ನು ಹೇಳಿದರು. ಕತ್ತಿಯ ಮಾತನ್ನೂ ಬಿಡದೆ ಹೇಳಿದರು. ನೀಲವ್ವ ಅಳಲಿಲ್ಲ. ಇಷ್ಟು ವರ್ಷ ಅವಳು ಕೇಳಬೇಕೆಂದಿದ್ದ ಮಾತು ಒಂದೇ ಇತ್ತು.

"ಭಾಳೊತ್ತು ಒದ್ದಾಡಿದನೇನಪಾ?"

"ಇಲ್ಲ ಯವ್ವಾ" ಎಂದರು ಗೌಡರು. "ಆ ಅಲಗು ಅಂಥಾದ್ದು. ಅಂವಗ ಗೊತ್ತಾಗೂದ್ರಾಗ ಮುಗದಿತ್ತು."

ನೀಲವ್ವ ದೀರ್ಘವಾಗಿ ಉಸಿರು ಬಿಟ್ಟಳು. ಗೌಡರು ಆ ಮುದುಕಿಯ ಮಡಿಲಲ್ಲಿ ಮುಖವಿಟ್ಟು, ಮೀಸೆಯ ಹಂಗು ತೊರೆದು ಬಿಕ್ಕಿ ಬಿಕ್ಕಿ ಅತ್ತರು. ಅವರ ತಲೆಯ ತುಂಬ ಜೋಳದ ಹಿಟ್ಟಾಯಿತು.

ಮರುದಿನ ಮಠದಲ್ಲಿ ಕುಡುಗೋಲು, ಕುಂಟೆ, ಸುತ್ತಿಗೆಗಳ ಸಾಲಿನಲ್ಲಿ ಆ ಕತ್ತಿಯೂ ಮಲಗಿತ್ತು. ಬಿದಿರಿನ ಬೆಣೆಯನ್ನು ಗೌಡರು ತಾವೇ ಕೂರಿಸಿದ್ದರು. ಅವರ ಕೈ ಹಿಡಿದು ಬಂದ ನೀಲವ್ವ ಕುಂಕುಮದ ಬಟ್ಟಲಿಗೆ ಕೈ ಹಾಕಿದಾಗ ಪೂಜ್ಯರು ತಡೆದು, "ಬ್ಯಾಡವ್ವಾ, ಅಲಗಿಗೆ ತುಕ್ಕು ಹಿಡದೀತು, ಹೂವು ಸಾಕು" ಎಂದರು. ಅವಳು ಒಂದು ಸೇವಂತಿಗೆ ಇಟ್ಟಳು.

ನವಮಿ ಕಳೆದ ಮೇಲೆ ಗೌಡರ ಎಮ್ಮೆಗೆ ಪೂಜ್ಯರು ಜಾಲಿಯ ಗೂಟ ಕೆತ್ತಿಕೊಟ್ಟರು. ಮುಂದೆ ಬದುಕಿರುವವರೆಗೂ ಮಠದ ತಿದಿ ಒತ್ತಿದವರು ಸುಬೇದಾರ ಫಕೀರಗೌಡರೇ. ಅವರ ಮನೆಯಿಂದ ಮಠಕ್ಕೆ ಹೋಗುವ ದಾರಿಯಲ್ಲಿ ನೀಲವ್ವನ ಮನೆ ಮೊದಲು ಬರುತ್ತದೆ. ಅಲ್ಲಿ ಒಂದು ರೊಟ್ಟಿ ತಿನ್ನದೆ ಅವರು ಮುಂದೆ ಹೋದವರಲ್ಲ.