ಹುಡುಕಿದರೆ ಸಿಗದ ಅಂಗಡಿ

"ಗುರುಗಳೇ, ಹುಡುಕುವ ಯಂತ್ರ ಓದಲಿ ಎಂದು ನನ್ನ ಜಾಲತಾಣವನ್ನು ನಾನೇಕೆ ಬದಲಿಸಬೇಕು? ಅದನ್ನು ಕಟ್ಟಿದ್ದು ಮನುಷ್ಯರಿಗಾಗಿ ಅಲ್ಲವೇ?" ಎಂದು ಜಾಲತಾಣ ಕಟ್ಟುವುದನ್ನು ಕಲಿಯುತ್ತಿದ್ದ ಶಿಷ್ಯನೊಬ್ಬ ಕೇಳಿದ.

ಗುರು ಹೇಳಿದರು: "ಮೊದಲು ಕತೆ ಕೇಳು. ನಿನ್ನ ಜಾಣತನ ಆಮೇಲೆ ತೋರಿಸುವೆಯಂತೆ."

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಹೊಸದಾಗಿ ಆಕ್ಸಿಜನ್ ಸಿಲಿಂಡರುಗಳ ಅಂಗಡಿ ಇಟ್ಟ. ಅಂಗಡಿ ಓಣಿಯೊಳಗಿತ್ತು. ಜಾಲತಾಣ ಇದೆಯಲ್ಲ ಎಂದು ಅವನು ಬೋರ್ಡನ್ನೂ ಹಾಕಿಸಲಿಲ್ಲ.

ತಾಣ ಕಟ್ಟಿದವನು ಜಾಣ. ಇಡೀ ತಾಣಕ್ಕೆ ಒಂದೇ ಪುಟ, ಅದೂ ಬರಿದು. ಯಾರಾದರೂ ತೆರೆದ ಮೇಲೆಯೇ ಅಂಗಡಿಯ ಹೆಸರು, ವಿಳಾಸ, ಸರಕು ಎಲ್ಲವೂ ಬಂದು ಕೂರುತ್ತಿದ್ದವು. ಅಲ್ಲಿಯವರೆಗೆ 'ಕಾಯಿರಿ' ಎಂಬ ಒಂದು ಮಾತು.

ಹುಡುಕುವ ಯಂತ್ರ ಜನ ಕೇಳಿದಾಗ ಹುಡುಕಲು ಹೊರಡುವುದಿಲ್ಲ. ಮೊದಲೇ ಎಲ್ಲ ಪುಟಗಳನ್ನೂ ಸುತ್ತಿ, ಕಂಡದ್ದನ್ನು ನೆನಪಿಟ್ಟುಕೊಂಡಿರುತ್ತದೆ. ಅದು ಈ ಪುಟಕ್ಕೂ ಬಂತು. 'ಕಾಯಿರಿ' ಎಂದು ಓದಿತು. ಕಾಯಲಿಲ್ಲ. ಹೋಯಿತು.

"ಯಾರೂ ಬರುತ್ತಿಲ್ಲವಲ್ಲಪ್ಪ" ಎಂದ ವ್ಯಾಪಾರಿ.

ಕಟ್ಟಿದವನು ತನ್ನ ಫೋನಿನಲ್ಲಿ ತಾಣ ತೆರೆದು ತೋರಿಸಿದ. "ನೋಡಿ ಅಣ್ಣಾ, ಹೇಗೆ ಸರಸರ ಬರುತ್ತದೆ! ಜನ ಬರದಿದ್ದರೆ ಊರು ಆರೋಗ್ಯವಾಗಿದೆ ಎಂದು ಖುಷಿಪಡಿ."

ಇಬ್ಬರೂ ನಕ್ಕರು.

ಅಂಗಡಿಯ ಹಿಂದಿನ ಬೀದಿಯಲ್ಲೇ ಒಬ್ಬ ಹೆಂಗಸಿದ್ದಳು. ಅವಳ ಗಂಡ ಕಲ್ಲು ಪುಡಿ ಮಾಡುವ ಕ್ರಷರಿನಲ್ಲಿ ದುಡಿದು ಎದೆ ತುಂಬ ದೂಳು ತುಂಬಿಕೊಂಡವನು. ಒಂದು ಮಧ್ಯಾಹ್ನ ಮನೆಯಲ್ಲಿದ್ದ ಸಿಲಿಂಡರ್ ಖಾಲಿಯಾಯಿತು. ಅವಳು ಫೋನಿನಲ್ಲಿ ಹುಡುಕಿದಳು. ಫೋನು ಪಕ್ಕದ ಜಿಲ್ಲೆಯ ಅಂಗಡಿಯೊಂದನ್ನು ತೋರಿಸಿತು. ಗಂಡನನ್ನು ನೆರೆಯವರಿಗೆ ಒಪ್ಪಿಸಿ ಆಟೋ ಹತ್ತಿದಳು. ಸಿಲಿಂಡರ್ ತಂದಳು. ಅದನ್ನು ಇಳಿಸುವ ಮೊದಲೇ ಅಳುವ ಸದ್ದು ಕೇಳಿಸಿತು.

ಮಣ್ಣು ಮಾಡಿದ ಮೇಲೆ, ಸೀಲೂ ಒಡೆಯದ ಆ ಸಿಲಿಂಡರನ್ನು ಹಿಂದಿರುಗಿಸಲು ಹೊರಟಳು. ದೊಡ್ಡ ರಸ್ತೆ ಅಗೆದಿದ್ದರಿಂದ ಆಟೋ ಆ ಓಣಿಯೊಳಗೆ ನುಗ್ಗಿತು. ಅಲ್ಲಿ ವ್ಯಾಪಾರಿ ಟೆಂಪೊದಿಂದ ಸಿಲಿಂಡರುಗಳನ್ನು ಇಳಿಸಿಕೊಳ್ಳುತ್ತಿದ್ದ.

ಅವಳು ಆಟೋ ನಿಲ್ಲಿಸಿ ಇಳಿದಳು. "ಇವು ಇಲ್ಲಿ ಯಾವಾಗಿನಿಂದ ಇವೆ?"

"ಯುಗಾದಿಯಿಂದ, ತಾಯಿ. ಫೋನಿನಲ್ಲಿ ಹುಡುಕಬಾರದಿತ್ತೇ?"

ಅವಳು ತನ್ನ ಫೋನನ್ನು ಅವನ ಕೈಗೆ ಕೊಟ್ಟಳು. "ನೀವೇ ಹುಡುಕಿ."

ಅವನು ಊರಿನ ಹೆಸರು ಹಾಕಿ ಹುಡುಕಿದ. ತನ್ನ ಸರಕಿನ ಹೆಸರು ಹಾಕಿ ಹುಡುಕಿದ. ಹುಡುಕುತ್ತಲೇ ಇದ್ದ. ಅವಳು ಫೋನು ಕಿತ್ತುಕೊಂಡು ಆಟೋ ಹತ್ತಿದಳು.

ಗುರು ಕತೆ ನಿಲ್ಲಿಸಿದರು.

ಶಿಷ್ಯ ಹೇಳಿದ: "ಆದರೂ ಕಟ್ಟಿದವನ ತಪ್ಪೇನು, ಗುರುಗಳೇ? ತೆರೆದವರಿಗೆಲ್ಲ ತಾಣ ಸರಿಯಾಗಿಯೇ ಕಾಣುತ್ತಿತ್ತಲ್ಲ."

"ತೆರೆದವರನ್ನಷ್ಟೇ ನೀನು ಮನುಷ್ಯರೆಂದು ಎಣಿಸಿದ್ದೀಯ" ಎಂದರು ಗುರು.